ಮೊದಲು ಒರೆಸಿ, ಆಮೇಲೆ ಬಿಚ್ಚಿ

ಆಯಿಲ್ ಲೀಕ್ ಬಗ್ಗೆ ನನ್ನದೊಂದು ಖಡಾಖಂಡಿತ ಅಭಿಪ್ರಾಯ ಇದೆ. ಯಾವ ದೊಡ್ಡ ಮೆಕ್ಯಾನಿಕ್ಕೇ ಆಗಲಿ, ಯಾವ ಡಿಗ್ರಿ ಮಾಡಿದ ಎಂಜಿನಿಯರೇ ಆಗಲಿ, ಸೋರುತ್ತಿರೋ ಎಂಜಿನ್ನನ್ನ ಒಂದು ಸಲ ಸ್ವಚ್ಛವಾಗಿ ಒರೆಸದೇ "ಸೀಲ್ ಹೋಗಿದೆ" ಅಂತ ಹೇಳಿದ್ರೆ ನಂಬಬೇಡಿ. ನಾನು ನಂಬಿದ್ದೆ. ಇನ್ನೇನು ಐದು ಸಾವಿರ ಡಾಲರ್‌ಗೆ ಕೈ ಸುಟ್ಟುಕೊಳ್ಳೋದ್ರಲ್ಲಿದ್ದೆ. ಉಳಿಸಿದ್ದು ಸಾಗರದ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ಡೀಸೆಲ್ ಪಂಪ್‌ಸೆಟ್ ಜೊತೆ ಗುದ್ದಾಡಿದ ನಮ್ಮಪ್ಪ ಮತ್ತು ಒಂದು ಹಳೇ ಬನಿಯನ್ ತುಂಡು.

ಕಥೆ ಹೇಳ್ತೀನಿ, ಸ್ವಲ್ಪ ಸಾವಧಾನ ಇರಲಿ.

ಇಲ್ಲಿ ಅಮೆರಿಕಾದಲ್ಲಿ ಮೋಟರ್‌ಹೋಮ್ ಅಂತ ಒಂದು ವಾಹನ ಇದೆ. ಮಂಚ, ಅಡುಗೆ ಒಲೆ, ಬಚ್ಚಲು ಎಲ್ಲ ಇರೋ ಮನೆಯನ್ನೇ ವ್ಯಾನಿನ ಬೆನ್ನಿಗೆ ಕಟ್ಟಿದ ಹಾಗೆ. ಫೀನಿಕ್ಸ್‌ನಲ್ಲಿರೋ ನಾನೂ ನನ್ನ ಗೆಳೆಯನೂ ಸೇರಿ ಒಂದು ಹಳೇ ಮೋಟರ್‌ಹೋಮ್ ಕೊಂಡ್ವಿ. ಎರಡೂ ಮನೆಯ ಅಪ್ಪ ಅಮ್ಮಂದಿರು ಬಂದಾಗ ತಿರುಗಾಡಿಸೋಕೆ ಹೋಟೆಲ್ ಖರ್ಚಿಗಿಂತ ಇದೇ ವಾಸಿ ಅನ್ನೋ ಲೆಕ್ಕ. (ಲೆಕ್ಕ ತಪ್ಪಿತ್ತು. ಆ ವಿಷಯ ಬೇರೆ.)

ಈ ಗಾಡಿಯ ಪಕ್ಕದಲ್ಲಿ, ನೆಲಕ್ಕೆ ಹತ್ತಿರ, ಒಂದು ಪೆಟ್ಟಿಗೆ ಇರುತ್ತೆ. ಅದರೊಳಗೆ ಜನರೇಟರ್. ನಮ್ಮದು 4 ಕಿಲೋವ್ಯಾಟ್‌ದು. ಒಂದೇ ಸಿಲಿಂಡರ್, ಪೆಟ್ರೋಲ್ ಎಂಜಿನ್, ಫ್ಯಾನ್ ಗಾಳಿಯಿಂದ ತಣ್ಣಗಾಗುವಂಥದ್ದು. ಗಾಡಿ ಓಡುವಾಗ ಡ್ರೈವರ್ ಪಕ್ಕದ ಏಸಿ ಗಾಡಿಯ ಎಂಜಿನ್ನಿನಿಂದ ನಡೆಯುತ್ತೆ. ಆದ್ರೆ ಗಾಡಿ ನಿಲ್ಲಿಸಿ ಹಿಂದಿನ ಮನೆಯಲ್ಲಿ ಕೂರಬೇಕಂದ್ರೆ ಮಾಳಿಗೆ ಮೇಲಿನ ಏಸಿ ಬೇಕು, ಅದಕ್ಕೆ 120 ವೋಲ್ಟ್ ಕರೆಂಟ್ ಬೇಕು. ಕರೆಂಟ್ ಕಂಬ ಇಲ್ಲದ ಕಡೆ ಆ ಜನರೇಟರೇ ಗತಿ. ಅರಿಜೋನಾದ ಜೂನ್ ತಿಂಗಳಲ್ಲಿ ಇದು ಶೋಕಿಯ ಮಾತಲ್ಲ. ಜೀವದ ಮಾತು.

ಅದು ಗೊತ್ತಾಗಿದ್ದು 2024ರ ಜೂನ್‌ನಲ್ಲಿ. ಅಪ್ಪ ಅಮ್ಮನ್ನ ಗ್ರಾಂಡ್ ಕ್ಯಾನಿಯನ್‌ಗೆ ಕರ್ಕೊಂಡು ಹೊರಟಿದ್ದೆ. ಫೀನಿಕ್ಸ್ ದಾಟಿ ಬ್ಲಾಕ್ ಕ್ಯಾನಿಯನ್ ಸಿಟಿ ಹತ್ತಿರ ಊಟಕ್ಕೆ ನಿಲ್ಲಿಸಿದ್ವಿ. ಹೊರಗೆ 43 ಡಿಗ್ರಿ. ಅಮ್ಮ ಮೊಸರನ್ನಕ್ಕೆ ಒಗ್ಗರಣೆ ಹಾಕ್ತಿದ್ರು. ಜನರೇಟರ್ ಇಪ್ಪತ್ತು ನಿಮಿಷ ಓಡಿ, ಕೆಮ್ಮಿ, ನಿಂತೋಯ್ತು. ಮತ್ತೆ ಸ್ಟಾರ್ಟ್ ಮಾಡಿದೆ, ಎರಡು ನಿಮಿಷಕ್ಕೆ ಮತ್ತೆ ನಿಂತ್ತು. ಆಯಿಲ್ ಪ್ರೆಶರ್ ಕಡಿಮೆಯಾದ್ರೆ ಎಂಜಿನ್ ಹಾಳಾಗದ ಹಾಗೆ ತಾನೇ ನಿಲ್ಲಿಸೋ ಸ್ವಿಚ್ ಅದರಲ್ಲಿದೆ. ಅದು ತನ್ನ ಕೆಲಸ ಮಾಡಿತ್ತು. ಬಗ್ಗಿ ನೋಡಿದ್ರೆ ಪೆಟ್ಟಿಗೆಯ ತಳ ಪೂರ್ತಿ ಎಣ್ಣೆ. ಒಳಗೆ ಬಂದು ನೋಡಿದ್ರೆ ಅಮ್ಮ ಮಂಚದ ಮೇಲೆ ಕೂತು "ಯಾಕೋ ತಲೆ ಸುತ್ತುತ್ತಿದೆ ಮಗಾ" ಅಂದ್ರು. ಅಮ್ಮನಿಗೆ ಬಿಪಿ ಇದೆ. ಅಮ್ಮನ್ನ ಮುಂದಿನ ಸೀಟಿಗೆ ಕರೆತಂದು, ಗಾಡಿಯ ಏಸಿ ಪೂರ್ತಿ ತಿರುಗಿಸಿ, ವಾಪಸ್ ಮನೆಗೆ ಹೊಡೆದೆ. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ.

ಆ ಜನರೇಟರ್‌ನಿಂದ ಎಣ್ಣೆ ಜಿನುಗ್ತಿದ್ದದ್ದು ನಮಗೇನು ಹೊಸದಲ್ಲ. ಏಪ್ರಿಲ್‌ನಲ್ಲಿ ಆಯಿಲ್ ಬದಲಾಯಿಸಿದ ಮೇಲೆ ಡ್ರೈವ್‌ವೇ ಮೇಲೆ ಅಂಗೈಯಗಲದ ಕಲೆ ಬಿದ್ದಿತ್ತು. ಅದಕ್ಕೆ ನಾವು ಕಂಡುಕೊಂಡ ಪರಿಹಾರ ಏನು ಗೊತ್ತಾ? ಕಲೆ ಕಂಡಾಗೆಲ್ಲ ಮೇಲಿನಿಂದ ಒಂದಿಷ್ಟು ಆಯಿಲ್ ಸುರಿಯೋದು. "ಹಳೇ ಗಾಡಿ, ಸೋರದೇ ಇರುತ್ತಾ" ಅಂತ ಸಮಾಧಾನ ಮಾಡ್ಕೊಳ್ಳೋದು. ನಾನೊಮ್ಮೆ, ಗೆಳೆಯನೊಮ್ಮೆ, ಒಬ್ಬರಿಗೊಬ್ಬರು ಹೇಳದೇ ಇಬ್ಬರೂ ಒಮ್ಮೊಮ್ಮೆ.

ಸಾಫ್ಟ್‌ವೇರ್‌ನಲ್ಲಿರೋರಿಗೆ ಈ ವೈದ್ಯ ಚೆನ್ನಾಗಿ ಗೊತ್ತು. ಸರ್ವರ್‌ನಲ್ಲಿ ಮೆಮೊರಿ ಲೀಕ್ ಇದ್ರೆ ಏನ್ ಮಾಡ್ತೀವಿ? ದಿನಾ ರಾತ್ರಿ ಎರಡು ಗಂಟೆಗೆ ತಾನೇ ರೀಸ್ಟಾರ್ಟ್ ಆಗೋ ಹಾಗೆ ಒಂದು ಸ್ಕ್ರಿಪ್ಟ್ ಹಾಕ್ತೀವಿ. ಅಷ್ಟರಲ್ಲೂ ತಡೆಯಲ್ಲ ಅಂದ್ರೆ ಇನ್ನಷ್ಟು ಮೆಮೊರಿ ಕೊಡ್ತೀವಿ. ಹಬ್ಬದ ದಿನ ಲೋಡ್ ಜಾಸ್ತಿಯಾಗಿ ಮಧ್ಯಾಹ್ನವೇ ಬಿದ್ದೋದಾಗ ಮಾತ್ರ ಎಲ್ಲರೂ ಕೋಡ್ ಓದೋಕೆ ಕೂರ್ತೀವಿ. ಗಾಡಿ ವಿಷಯದಲ್ಲೂ ನಾನು ಮಾಡಿದ್ದು ಅದನ್ನೇ. ವ್ಯತ್ಯಾಸ ಇಷ್ಟೇ, ಈ ಸಲ ಬಿದ್ದೋಗೋದ್ರಲ್ಲಿದ್ದದ್ದು ಅಮ್ಮ.

ಮಾರನೇ ದಿನ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿನವನು ಪೆಟ್ಟಿಗೆಯ ಬಾಗಿಲು ತೆಗೆದು, ಟಾರ್ಚ್ ಬಿಟ್ಟು, ಹತ್ತು ನಿಮಿಷ ನೋಡಿದ. ಎಂಜಿನ್ನೂ ಆಲ್ಟರ್ನೇಟರೂ ಸೇರೋ ಜಾಗ ಎಲ್ಲಕ್ಕಿಂತ ಹೆಚ್ಚು ಒದ್ದೆಯಾಗಿತ್ತು. "ಕ್ರ್ಯಾಂಕ್‌ಶಾಫ್ಟ್‌ನ ಹಿಂದಿನ ಸೀಲ್ ಹೋಗಿದೆ. ಅದನ್ನ ಹಾಕ್ಬೇಕಂದ್ರೆ ಜನರೇಟರ್ ಇಳಿಸಬೇಕು, ಆಲ್ಟರ್ನೇಟರ್ ಬೇರೆ ಮಾಡಬೇಕು, ಒಂಬತ್ತು ಗಂಟೆ ಲೇಬರ್. ಇಷ್ಟು ಹಳೇದಕ್ಕೆ ಅದು ದಂಡ. ಹೊಸದೇ ಹಾಕಿಸಿ" ಅಂದ. ಹೊಸದಕ್ಕೆ ಕೂಲಿ ಎಲ್ಲ ಸೇರಿ ಐದು ಸಾವಿರ ಡಾಲರ್ ಹತ್ತಿರ. ನೋಡಿದ್ದಕ್ಕೆ 180 ಡಾಲರ್ ಬಿಲ್ ಆಗಲೇ ಕೈಗೆ ಬಂದಿತ್ತು.

ನಾನು ರಾತ್ರಿ ಕ್ರೆಡಿಟ್ ಕಾರ್ಡ್ ಲಿಮಿಟ್ ನೋಡ್ತಾ ಕೂತಿದ್ದಾಗ ಅಪ್ಪ ಕೇಳಿದ್ರು.

"ಎಲ್ಲಿಂದ ಬರ್ತಾ ಇದ್ಯಂತೆ?"

"ಹಿಂದಿನ ಸೀಲಿಂದಂತೆ ಅಪ್ಪ."

"ಅವ್ನು ಒರ್ಸಿ ನೋಡಿದ್ನಾ?"

"ಇಲ್ಲ. ಅಲ್ಲೇ ಜಾಸ್ತಿ ಒದ್ದೆ ಇದೆ, ಕಾಣ್ಸುತ್ತಲ್ಲ."

"ಮಾರಾಯ, ಮನೆ ಸೋರೋವಾಗ ನೀರು ತೊಟ್ಟಿಕ್ಕೋ ಜಾಗದ ಮೇಲೇ ಹೆಂಚು ಒಡ್ದಿರುತ್ತೇನೋ?"

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವನ ಹತ್ರ ಇದಕ್ಕೆ ಉತ್ತರ ಇರಲಿಲ್ಲ. ಮಲೆನಾಡಿನ ಮಳೆಗಾಲ ನೋಡಿದ ಯಾರಿಗಾದರೂ ಗೊತ್ತು, ಹೆಂಚು ಒಡೆದಿರೋದು ಒಂದು ಕಡೆ, ನೀರು ರೀಪಿನ ಗುಂಟ ಹರಿದು ಬಂದು ಬೀಳೋದು ಇನ್ನೊಂದು ಕಡೆ.

ಎಂಜಿನ್ನಿನಲ್ಲಿ ಇದು ಇನ್ನೂ ಮೋಸ. ಎಣ್ಣೆ ಕೆಳಕ್ಕೆ ಹರಿಯೋದಷ್ಟೇ ಅಲ್ಲ, ಫ್ಯಾನ್ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ. ಮುಂದೆ, ಮೇಲೆ ಎಲ್ಲೋ ಹೊರಟ ಹನಿ ಹಿಂದೆ, ಕೆಳಗೆ ಬಂದು ಸೇರುತ್ತೆ. ಅದರ ಮೇಲೆ ಧೂಳು ಕೂತು ಎಲ್ಲ ಒಂದೇ ಕಪ್ಪು ಜಿಡ್ಡು. ಹಾಗಾಗಿ ಒದ್ದೆ ಇರೋ ಜಾಗ ಹುಡುಕೋದಲ್ಲ, ಒದ್ದೆ ಶುರುವಾಗೋ ಅತಿ ಎತ್ತರದ ಜಾಗ ಹುಡುಕಬೇಕು. ಕೊಳೆ ಎಂಜಿನ್ನಿನಲ್ಲಿ ಅದು ಸಾಧ್ಯವೇ ಇಲ್ಲ.

ಮರುದಿನ ಶನಿವಾರ. ಬೆಳಿಗ್ಗೆ ಐದಕ್ಕೇ ಎದ್ದು, ಬಿಸಿಲೇರೋ ಮುಂಚೆ ಶುರು ಮಾಡಿದ್ವಿ. ಮೊದಲ ಕೆಲಸ ಗಾಡಿಯನ್ನ ಡ್ರೈವ್‌ವೇಯಿಂದ ರಸ್ತೆಗೆ ತಂದು ಸಮತಟ್ಟಾಗಿ ನಿಲ್ಲಿಸಿದ್ದು. ಎರಡನೇದು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿದ್ದು. ಒಳಗಿಂದ ಯಾರಾದ್ರೂ ಗೊತ್ತಿಲ್ದೇ ಸ್ಟಾರ್ಟ್ ಬಟನ್ ಒತ್ತಿದ್ರೆ ಬೆರಳು ಹೋಗುತ್ತೆ. ಮೂರನೇದು ಡಿಪ್‌ಸ್ಟಿಕ್ ನೋಡಿದ್ದು.

ಮೊದಲ ಆಶ್ಚರ್ಯ ಅಲ್ಲೇ ಕಾದಿತ್ತು. ಅಷ್ಟು ಸೋರಿದ ಮೇಲೂ ಎಣ್ಣೆ ಫುಲ್ ಗೆರೆಗಿಂತ ಮೇಲಿತ್ತು! ನಮ್ಮ ಡ್ರೈವ್‌ವೇ ಇಳಿಜಾರು. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತೆ. ನಮಗೆ ಅದು ಯಾವಾಗಲೂ "ಕಡಿಮೆ ಇದೆ" ಅಂತಾನೇ ಹೇಳ್ತಿತ್ತು, ನಾವು ಸುರೀತಾನೇ ಇದ್ವಿ. ಆಮೇಲೆ ಹೊರತೆಗೆದಾಗ ಹತ್ತಿರ ಹತ್ತಿರ ಅರ್ಧ ಲೀಟರ್ ಹೆಚ್ಚಿತ್ತು. ಎಣ್ಣೆ ಮಿತಿ ಮೀರಿದ್ರೆ ತಿರುಗೋ ಕ್ರ್ಯಾಂಕ್ ಅದನ್ನ ಕಡೆದು ನೊರೆ ಮಾಡುತ್ತೆ. ನೊರೆ ಎಣ್ಣೆಗೆ ಪ್ರೆಶರ್ ನಿಲ್ಲಲ್ಲ. ಅಂದ್ರೆ ಬ್ಲಾಕ್ ಕ್ಯಾನಿಯನ್ ಸಿಟಿಯಲ್ಲಿ ಜನರೇಟರ್ ನಿಂತದ್ದು ಎಣ್ಣೆ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಇರಬೇಕು. ಹೊರಡೋ ದಿನ ಬೆಳಿಗ್ಗೆ ಕಲೆ ನೋಡಿ ಒಂದಿಷ್ಟು ಸುರಿದಿದ್ದು ನಾನೇ.

ಅಪ್ಪ ಏನೂ ಅನ್ನಲಿಲ್ಲ. ಏನಾದ್ರೂ ಅಂದಿದ್ರೆ ವಾಸಿಯಾಗಿತ್ತು.

ಎಣ್ಣೆಯನ್ನ ಗೆರೆಗೆ ಇಳಿಸಿ, ಡಿಗ್ರೀಸರ್ ಹಚ್ಚಿ, ಹಳೇ ಟೂತ್ ಬ್ರಶ್‌ನಲ್ಲಿ ಉಜ್ಜಿ, ಬನಿಯನ್ ತುಂಡಿನಲ್ಲಿ ಒರೆಸಿದ್ವಿ. ಪೈಪ್ ಹಿಡಿದು ನೀರು ಹೊಡೀಲಿಲ್ಲ, ಆಲ್ಟರ್ನೇಟರ್ ಒಳಗೆ ನೀರು ಹೋದ್ರೆ ಇನ್ನೊಂದು ಕಥೆ. ಪೆಟ್ರೋಲ್‌ನಲ್ಲಿ ಒರೆಸೋ ಹುಚ್ಚು ಕೆಲಸವನ್ನೂ ಮಾಡಬೇಡಿ, ಪಕ್ಕದಲ್ಲೇ ಸೈಲೆನ್ಸರ್ ಇರುತ್ತೆ. ಎರಡು ಗಂಟೆ ಹಿಡೀತು. ಕೊನೆಗೆ ಎಂಜಿನ್ ಮೇಲಿನ ಅಕ್ಷರಗಳು ಓದೋ ಹಾಗಾದ್ವು.

ಇನ್ನು ಪೌಡರ್. ಸೋರೋ ಜಾಗ ಹುಡುಕೋಕೆ ಬಿಳಿ ಪುಡಿ ಉದುರಿಸಿದ್ರೆ ಎಣ್ಣೆ ಬಂದ ಕಡೆ ಕಂದು ಗೆರೆ ಮೂಡುತ್ತೆ. ಅಮ್ಮ ಸೂಟ್‌ಕೇಸಿನಿಂದ ಪೌಡರ್ ಡಬ್ಬಿ ತಂದುಕೊಟ್ರು. ಸ್ಟಾರ್ಟ್ ಮಾಡಿದ ಕೂಡ್ಲೇ ಫ್ಯಾನ್ ಗಾಳಿಗೆ ಅಷ್ಟೂ ಹಾರಿ ನಾನೂ ಅಪ್ಪನೂ ಯಕ್ಷಗಾನಕ್ಕೆ ಮುಖಕ್ಕೆ ಬಿಳಿ ಬಳಿದವರ ಹಾಗಾದ್ವಿ. :) ಆಮೇಲೆ ಅಂಗಡಿಗೆ ಹೋಗಿ ಕಾಲಿಗೆ ಹೊಡ್ಕೊಳ್ಳೋ ಪೌಡರ್ ಸ್ಪ್ರೇ ತಂದೆ. ಅದು ಒದ್ದೆಯಾಗಿ ಬಿದ್ದು ಅಂಟಿಕೊಂಡು ಒಣಗುತ್ತೆ, ಹಾರಲ್ಲ. ಎಣ್ಣೆಗೆ ಬಣ್ಣ ಬೆರೆಸಿ ನೇರಳಾತೀತ ಟಾರ್ಚ್‌ನಲ್ಲಿ ನೋಡೋ ವಿಧಾನವೂ ಇದೆ. ನಮಗೆ ಅಷ್ಟೆಲ್ಲ ಬೇಕಾಗಲಿಲ್ಲ.

ಬ್ಯಾಟರಿ ತಂತಿ ಮತ್ತೆ ಹಾಕಿ, ಸ್ಟಾರ್ಟ್ ಮಾಡಿ, ಮಾಳಿಗೆ ಏಸಿ ಹಾಕಿದ್ವಿ. ಸುಮ್ಮನೆ ಓಡಿಸಿದ್ರೆ ಸಾಲದು, ಲೋಡ್ ಬಿದ್ದಾಗಲೇ ಎಂಜಿನ್ ಬಿಸಿಯಾಗೋದು, ಆಗಲೇ ನಿಜ ಹೊರಬರೋದು. ಇಪ್ಪತ್ತು ನಿಮಿಷಕ್ಕೆ ಕಂದು ಗೆರೆ ಕಾಣಿಸ್ತು. ಹಿಂದಿನ ಸೀಲ್ ಹತ್ತಿರ ಅಲ್ಲ! ಮೇಲೆ, ವಾಲ್ವ್ ಕವರ್ ಗ್ಯಾಸ್ಕೆಟ್‌ನ ಒಂದು ಮೂಲೆಯಿಂದ. ಅಲ್ಲಿಂದ ಇಳಿದು, ಗಾಳಿಗೆ ಹಿಂದಕ್ಕೆ ಸರಿದು, ಸರಿಯಾಗಿ ಆ ಅಂಗಡಿಯವನು ತೋರಿಸಿದ ಜಾಗಕ್ಕೆ ಹೋಗ್ತಿತ್ತು. ಇನ್ನೊಂದು ಸಣ್ಣ ಹನಿ ಡ್ರೇನ್ ಬೋಲ್ಟ್‌ನಲ್ಲಿ. ಏಪ್ರಿಲ್‌ನಲ್ಲಿ ಹಳೇ ವಾಷರ್ರನ್ನೇ ಮತ್ತೆ ಹಾಕಿದ್ವಿ, ಮೊದಲ ಕಲೆ ಅದರದ್ದೇ. ಸೀಲ್ ಹೋಗಿದ್ರೆ ಎಣ್ಣೆ ಇಳಿಯಬೇಕಾದ ತಳದ ಕಿಂಡಿಯ ಪೌಡರ್ ಮಾತ್ರ ಮಲ್ಲಿಗೆ ಹೂವಿನ ಹಾಗೆ ಬೆಳ್ಳಗೆ ಉಳಿದಿತ್ತು.

ನಾನು ಕುಣಿದುಬಿಟ್ಟೆ. "ಗ್ಯಾಸ್ಕೆಟ್ ಹಾಕಿದ್ರಾಯ್ತು, ಮುಗೀತು!"

ಅಪ್ಪ ಹೇಳಿದ್ರು, "ಗ್ಯಾಸ್ಕೆಟ್ ಯಾಕೆ ಸೋರ್ತು ಅಂತ ನೋಡು."

ಇದೇ ನನ್ನ ಎರಡನೇ ಅಭಿಪ್ರಾಯ. ಎಲ್ಲಿಂದ ಅಂತ ಗೊತ್ತಾದ್ರೆ ಅರ್ಧ ಕೆಲಸ. ಯಾಕೆ ಅನ್ನೋದು ಇನ್ನರ್ಧ. ಆ ಅರ್ಧವನ್ನೇ ಎಲ್ಲರೂ ಬಿಡೋದು.

ಪಿಸ್ಟನ್ ಕೆಳಗೆ ಬಂದಾಗೆಲ್ಲ ಕ್ರ್ಯಾಂಕ್‌ಕೇಸ್ ಒಳಗಿನ ಗಾಳಿಯನ್ನ ಒತ್ತುತ್ತೆ. ಜೊತೆಗೆ ಪಿಸ್ಟನ್ ರಿಂಗ್ ದಾಟಿ ಉರಿದ ಅನಿಲವೂ ಸ್ವಲ್ಪ ಕೆಳಗಿಳಿಯುತ್ತೆ. ಈ ಒತ್ತಡ ಹೊರಹೋಗೋಕೆ ಬ್ರೀದರ್ ಅಂತ ಒಂದು ದಾರಿ ಇರುತ್ತೆ. ಅದರಲ್ಲಿ ಹೊರಮುಖವಾಗಿ ಮಾತ್ರ ತೆರೆಯೋ ಒಂದು ತೆಳು ಲೋಹದ ಪಟ್ಟಿ. ಪಿಸ್ಟನ್ ಇಳಿದಾಗ ತೆರೆದು ಗಾಳಿ ಬಿಡುತ್ತೆ, ಏರಿದಾಗ ಮುಚ್ಚಿಕೊಳ್ಳುತ್ತೆ. ಹಾಗಾಗಿ ಆರೋಗ್ಯವಂತ ಎಂಜಿನ್ನಿನ ಹೊಟ್ಟೆಯೊಳಗೆ ಹೊರಗಿಗಿಂತ ತುಸು ಕಡಿಮೆ ಒತ್ತಡ ಇರುತ್ತೆ, ಅದು ಎಣ್ಣೆಯನ್ನ ಒಳಗೇ ಎಳೆದಿಟ್ಟುಕೊಳ್ಳುತ್ತೆ. ಬ್ರೀದರ್ ಕಟ್ಟಿಕೊಂಡ್ರೆ ಒತ್ತಡ ತಿರುಗಿಬೀಳುತ್ತೆ, ಎಲ್ಲಿ ದುರ್ಬಲ ಗ್ಯಾಸ್ಕೆಟ್ ಇದೆಯೋ ಅಲ್ಲಿಂದ ಎಣ್ಣೆಯನ್ನ ಹೊರಗೆ ನೂಕುತ್ತೆ. ಆಗ ನೀವು ಒಂದು ಗ್ಯಾಸ್ಕೆಟ್ ಹೊಸದು ಹಾಕಿದ್ರೆ ಇನ್ನೊಂದು ಸೋರುತ್ತೆ. ಐದು ಸಾವಿರದ ಹೊಸ ಜನರೇಟರ್ ಹಾಕಿ ಅದಕ್ಕೂ ಇಳಿಜಾರಿನಲ್ಲಿ ನಿಂತು ಎಣ್ಣೆ ಸುರಿದಿದ್ರೆ, ನಾಳೆ ಅದರ ಗತಿಯೂ ಇದೇ.

ಇದನ್ನ ಅಳೆಯೋದು ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನ ರಟ್ಟಿನ ಮೇಲೆ ಯು ಆಕಾರದಲ್ಲಿ ಅಂಟಿಸಿ, ಅರ್ಧ ನೀರು ತುಂಬಿದೆ. ಕಾಣ್ಲಿ ಅಂತ ಅಮ್ಮ ಒಂದು ಚಿಟಿಕೆ ಕುಂಕುಮ ಹಾಕಿದ್ರು. ಒಂದು ತುದಿಗೆ ರಬ್ಬರ್ ಬಿರಡೆ ಹಾಕಿ ಡಿಪ್‌ಸ್ಟಿಕ್ ತೂತಿಗೆ ಸೇರಿಸಿ, ಇನ್ನೊಂದು ತುದಿ ಬಯಲಿಗೆ. ಸ್ಟಾರ್ಟ್ ಮಾಡುವಾಗಲೂ ನಿಲ್ಲಿಸುವಾಗಲೂ ಕೊಳವೆಯನ್ನ ಮಡಚಿ ಹಿಡಿಯಬೇಕು, ಇಲ್ಲಾಂದ್ರೆ ನೀರು ಎಂಜಿನ್ ಒಳಗೆ ಹೋದೀತು. ಎಂಜಿನ್ ಸರಿಯಿದ್ರೆ ನೀರು ಎಂಜಿನ್ ಕಡೆಗೆ ಎಳೆಯಬೇಕು. ನಮ್ಮದು ಆಚೆ ಕಡೆಗೆ ತಳ್ತು. ಕೆಂಪು ನೀರು ಎರಡು ಬೆರಳಷ್ಟು ಮೇಲೇರಿ ಅಲ್ಲೇ ನಡುಗ್ತಾ ನಿಂತ್ತು. ಆ ಕುಂಕುಮದ ನೀರು ನೋಡ್ತಾ, ಇಷ್ಟು ವರ್ಷದಲ್ಲಿ ನಾನು ಬರೆದ ಯಾವ ಕೋಡೂ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಿಲ್ಲ ಅನ್ನಿಸ್ತು.

ಬ್ರೀದರ್ ಬಿಚ್ಚಿದ್ವಿ. ಲೋಹದ ಪಟ್ಟಿಯ ಕೆಳಗೆ ಇಂಗಾಲದ ಚೂರು ಸಿಕ್ಕಿಹಾಕಿಕೊಂಡು ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊರಹೋಗೋ ಕೊಳವೆ ಜೋನಿಬೆಲ್ಲದ ಹಾಗಿರೋ ಎಣ್ಣೆಯಿಂದ ಮುಕ್ಕಾಲು ಕಟ್ಟಿತ್ತು. ಏರ್ ಫಿಲ್ಟರಿಗೂ ಎಣ್ಣೆ ಪಸೆ. ನಾವು ಅತಿಯಾಗಿ ಸುರಿದ ಎಣ್ಣೆ ಸಿಡಿದು ಸಿಡಿದು ಅಲ್ಲಿ ಸೇರಿತ್ತು. ಅಂದ್ರೆ, ವಾಷರ್ ಹನಿಗೆ ನಾವು ಮಾಡಿದ ಔಷಧಿಯೇ ದೊಡ್ಡ ರೋಗ ತಂದಿತ್ತು. ಬ್ರೀದರ್ ತೊಳೆದು, ಕೊಳವೆ, ವಾಲ್ವ್ ಕವರ್ ಗ್ಯಾಸ್ಕೆಟ್, ವಾಷರ್, ಏರ್ ಫಿಲ್ಟರ್ ಹೊಸದು ಹಾಕಿದ್ವಿ. ಕವರಿನ ಬೋಲ್ಟ್‌ಗಳನ್ನ ಭೀಮನ ಹಾಗೆ ಬಿಗಿಯಬಾರದು, ತಗಡು ಸೊಟ್ಟಗಾಗಿ ಮತ್ತೆ ಸೋರುತ್ತೆ. ಎಲ್ಲ ಸೇರಿ ಖರ್ಚು 46 ಡಾಲರ್. ಮತ್ತೆ ಕೊಳವೆ ಹಚ್ಚಿದಾಗ ಕೆಂಪು ನೀರು ಈ ಸಲ ಎಂಜಿನ್ ಕಡೆಗೆ ಸರಿದು ನಿಂತ್ತು. ಅಪ್ಪ "ಹ್ಞೂಂ" ಅಂದ್ರು. ಅವರ ಬಾಯಲ್ಲಿ ಅದು ಫಸ್ಟ್ ಕ್ಲಾಸ್.

ಈಗ ನೀವು ಕೇಳಬಹುದು, ಅಂಗಡಿಯವನು ಮೋಸ ಮಾಡಿದ್ನಾ ಅಂತ. ನಂಗೆ ಹಾಗನ್ನಿಸಲ್ಲ. ಅವನ ಜಾಗದಲ್ಲಿ ನಿಂತು ನೋಡಿ. ಎರಡು ಗಂಟೆ ತೊಳೆಯೋದಕ್ಕೆ, ಒಂದು ಗಂಟೆ ಸುಮ್ಮನೆ ನೋಡ್ತಾ ಕೂರೋದಕ್ಕೆ ಗಂಟೆಗೆ 180ರಂತೆ ಬಿಲ್ ಹಾಕಿದ್ರೆ ನಾನೇ ಕೂಗಾಡ್ತಿದ್ದೆ. "ಏನೂ ಬಿಚ್ಚಲಿಲ್ಲ, ಏನೂ ಹಾಕಲಿಲ್ಲ, 540 ಡಾಲರಾ?" ಅಂತ. ಹೊಸ ಭಾಗ ಹಾಕಿದ್ದಕ್ಕೆ ನಾವು ಮರುಮಾತಿಲ್ಲದೇ ದುಡ್ಡು ಕೊಡ್ತೀವಿ, ನೋಡಿದ್ದಕ್ಕೆ ಕೊಡಲ್ಲ. ನೋಡೋದು ಕೆಲಸ ಅಂತಾನೇ ನಮಗೆ ಅನ್ನಿಸಲ್ಲ. ಹಾಗಾಗಿ ಯಾರೂ ನೋಡಲ್ಲ, ಎಲ್ಲರೂ ಬದಲಾಯಿಸ್ತಾರೆ. ಕೂಲಿ ದುಬಾರಿ ಇರೋ ದೇಶದಲ್ಲಿ ಇದು ಬೇಗ ಕಾಣಿಸುತ್ತೆ, ಅಷ್ಟೇ. ಅಂಗಡಿಯವನ ಮೇಲೆ ನನ್ನ ತಕರಾರು ಒಂದೇ. "ಒರೆಸಿ ನೋಡದೇ ಖಚಿತವಾಗಿ ಹೇಳೋಕಾಗಲ್ಲ, ನೋಡಲಾ?" ಅಂತ ಒಂದು ಮಾತು ಕೇಳಬಹುದಿತ್ತು. ಹೌದು ಅಂತಿದ್ದೆನೋ ಇಲ್ವೋ, ಆ ಮಾತು ಬೇರೆ.

ಇನ್ನೊಂದು ಪ್ರಾಮಾಣಿಕ ಮಾತು. ನಿಜವಾಗ್ಲೂ ಸೀಲ್ ಹೋಗಿದ್ದಿದ್ರೆ ನಮ್ಮ ಶನಿವಾರ ವ್ಯರ್ಥ ಆಗ್ತಿತ್ತಾ? ಇಲ್ಲ. ಆಗ ಐದು ಸಾವಿರ ಕೊಡುವಾಗ ಯಾಕೆ ಕೊಡ್ತಿದೀವಿ ಅಂತ ಗೊತ್ತಿರ್ತಿತ್ತು. ಎಲ್ಲವನ್ನೂ ನಾವೇ ರಿಪೇರಿ ಮಾಡ್ಕೋಬೇಕು ಅನ್ನೋದು ನನ್ನ ವಾದ ಅಲ್ಲ. ಜನರೇಟರ್ ಇಳಿಸೋದು, ಆಲ್ಟರ್ನೇಟರ್ ಬಿಚ್ಚೋದು ಇವೆಲ್ಲ ತಿಳಿದವರ ಕೆಲಸ. ಆದ್ರೆ ಒರೆಸೋದು, ನೋಡೋದು, ಯಾಕೆ ಅಂತ ಕೇಳೋದು ನಮ್ಮ ಕೆಲಸ. ನೋಡುವಾಗ ಒಂದು ಎಚ್ಚರ ಮಾತ್ರ ಇರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನ ಯಾವತ್ತೂ ಓಡಿಸಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೊಲ್ಲೋ ಮುಂಚೆ ಹೇಳಿಕೊಳ್ಳೋದೂ ಇಲ್ಲ. ಬಿಸಿ ಸೈಲೆನ್ಸರ್ ಮೇಲೆ ಹನಿಯೋ ಎಣ್ಣೆ ಬೆಂಕಿಗೆ ದಾರಿ ಅನ್ನೋದೂ ನೆನಪಿರಲಿ. "ಸ್ವಲ್ಪ ಸೋರುತ್ತೆ ಅಷ್ಟೇ" ಅನ್ನೋ ಮಾತು ಅದಕ್ಕೇ ನನಗೀಗ ಹಿಡಿಸಲ್ಲ. ತೆಗೆದ ಹಳೇ ಎಣ್ಣೆಯನ್ನ ಚರಂಡಿಗೆ ಸುರಿಯಬೇಡಿ, ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಬಹಳಷ್ಟು ಕಡೆ ಪುಕ್ಕಟೆ ತಗೋತಾರೆ.

ಸೋಮವಾರ ಆಫೀಸಿಗೆ ಹೋಗಿ ಮಾಡಿದ ಮೊದಲ ಕೆಲಸ, ರಾತ್ರಿ ಎರಡು ಗಂಟೆಯ ಆ ರೀಸ್ಟಾರ್ಟ್ ಸ್ಕ್ರಿಪ್ಟ್ ತೆಗೆಯೋಣ ಅಂತ ಮ್ಯಾನೇಜರ್ ಹತ್ತಿರ ಹೇಳಿದ್ದು. "ಮುಂದಿನ ಕ್ವಾರ್ಟರ್ ನೋಡೋಣ" ಅಂದ್ರು. ಅವರ ಡ್ರೈವ್‌ವೇಯೂ ಇಳಿಜಾರೇ ಇರಬೇಕು.

ಜುಲೈ ಮೊದಲ ವಾರ ಮತ್ತೆ ಹೊರಟ್ವಿ. ಈ ಸಲ ಬ್ಲಾಕ್ ಕ್ಯಾನಿಯನ್ ಸಿಟಿಯಲ್ಲಿ ಬೇಕಂತಲೇ ನಿಲ್ಲಿಸಿ, ಏಸಿ ಹಾಕಿ, ಮೊಸರನ್ನ ಉಂಡ್ವಿ. ಸಂಜೆ ಗ್ರಾಂಡ್ ಕ್ಯಾನಿಯನ್ ಅಂಚಿನಲ್ಲಿ ನಿಂತಾಗ ಅಮ್ಮ ಕಣ್ಣು ಪಿಳುಕಿಸದೇ ನೋಡ್ತಾ ಇದ್ರು. ಅಪ್ಪ ಎಲ್ಲಿ ಅಂತ ತಿರುಗಿದ್ರೆ ಕಾಣ್ಸಲಿಲ್ಲ. ಪಾರ್ಕಿಂಗ್ ಜಾಗಕ್ಕೆ ಬಂದು ನೋಡಿದ್ರೆ, ಗಾಡಿ ಕೆಳಗೆ ಒಂದು ರಟ್ಟು ಹಾಸಿ, ಟಾರ್ಚ್ ಬಿಟ್ಟು ಬಗ್ಗಿ ನೋಡ್ತಾ ಇದಾರೆ.

"ಬನ್ನಿ ಅಪ್ಪ, ಸೂರ್ಯ ಮುಳುಗ್ತಾ ಇದಾನೆ."

"ತಡಿಯೋ," ಅಂದ್ರು. "ರಟ್ಟು ಒಣಗಿದೆ. ಈಗ ಬರ್ತೀನಿ."